ಸೋರಿಕೆಯಪ್ಪನ ಹೆಂಡತಿ ಅತ್ತದ್ದು

ನೆಲದಡಿಯ ನೀರಿಗೆ ಕಿವಿಗೊಟ್ಟು ಬದುಕುವವನು ಸೋರಿಕೆಯಪ್ಪ. ನೀರು ಸರಬರಾಜು ಇಲಾಖೆಯಲ್ಲಿ ಅವನ ಕೆಲಸವೇ ಅದು. ಬೀದಿ ಏಳುವ ಮುಂಚೆ, ಗಾಡಿಗಳ ಗದ್ದಲ ಶುರುವಾಗುವ ಮುಂಚೆ, ಎದೆಯೆತ್ತರದ ಉಕ್ಕಿನ ಸರಳೊಂದನ್ನು ರಸ್ತೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲಿನ ಹಿತ್ತಾಳೆ ಬಟ್ಟಲಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಕೆಳಗೆ ಎಲ್ಲೋ ಪೈಪು ಬಿರುಕುಬಿಟ್ಟಿದ್ದರೆ ಅದು ಮೆಲ್ಲಗೆ 'ಸ್ಸ್' ಅನ್ನುತ್ತದೆ. ಮಿಕ್ಕವರಿಗೆ ಕೇಳದು, ಇವನಿಗೆ ಕೇಳುತ್ತದೆ. ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು ಕತ್ತರಿ ಗುರುತು ಹಾಕಿ ಮುಂದೆ ನಡೆಯುತ್ತಾನೆ. ಅಗೆಯುವವರು ಬಂದು ಅಗೆಯುತ್ತಾರೆ. ನೀರು ಅಲ್ಲೇ ಇರುತ್ತದೆ. ಅಂಗೈಯಗಲ ಆಚೆಯಿಲ್ಲ, ಅಂಗೈಯಗಲ ಈಚೆಯಿಲ್ಲ. ಇವತ್ತಿನವರೆಗೆ ಅವನ ಗುರುತು ಸುಳ್ಳಾದದ್ದಿಲ್ಲ. ಸೋರಿಕೆಯಪ್ಪ ಎಂಬುದು ಇಲಾಖೆ ಪ್ರೀತಿಯಿಂದ ಕೊಟ್ಟ ಬಿರುದು.

ಇಂಥ ಕಿವಿಯುಳ್ಳವನಿಗೆ ಸ್ವಂತ ಮನೆಯ ಸುದ್ದಿ ಮಾತ್ರ ಎದುರುಮನೆಯಿಂದಲೇ ಬರಬೇಕು. ಎದುರುಮನೆಯಾಕೆಯನ್ನು ಬೀದಿಯವರೆಲ್ಲ ಕಿಟಕಿ ಅಕ್ಕ ಅನ್ನುತ್ತಾರೆ. ಆಕೆಯ ಮುಖವನ್ನು ಚೌಕಟ್ಟಿಲ್ಲದೆ ಕಂಡವರು ಕಡಿಮೆ. ಆ ಬೆಳಿಗ್ಗೆ ಸೋರಿಕೆಯಪ್ಪ ಸರಳನ್ನು ಹೆಗಲಿಗೇರಿಸಿಕೊಂಡು ಮನೆಗೆ ಬರುತ್ತಿದ್ದರೆ, ಕಿಟಕಿ ಅಕ್ಕ ಕಿಟಕಿಯನ್ನೇ ತೊರೆದು ಗೇಟಿನ ತನಕ ನಡೆದು ಬಂದಳು. ವಿಷಯ ಎಷ್ಟು ದೊಡ್ಡದೆಂದು ಅಲ್ಲೇ ತಿಳಿಯಬೇಕಿತ್ತು.

"ಸೋರಿಕೆಯಪ್ಪನೋರೇ, ನಿಮ್ಮ ಮನೆಯವರು ಪುಣ್ಯವಂತರು ಕಣ್ರೀ."

"ಯಾಕ್ರೀ, ಏನಾಯ್ತು?"

"ಅಯ್ಯೋ, ನಿಮಗಿನ್ನೂ ಗೊತ್ತಿಲ್ವಾ? ಇವತ್ತು ಯೋಗದ ಕ್ಲಾಸಲ್ಲಿ ಅತ್ತುಬಿಟ್ರು! ಏನು ಅಳು ಅಂತೀರಿ! ತಲೆ ಕೆಳಗಿಟ್ಟಿದ್ದ ಟವೆಲ್ ಹಿಂಡಿದ್ರೆ ಒಂದು ಲೋಟ ತುಂಬೋದು."

"ನನ್ನ ಹೆಂಡ್ತಿನಾ?"

"ಮತ್ತೆ ನನ್ನ ಹೆಂಡ್ತಿನಾ? ಒಳಗೆ ಗಂಟು ಕಟ್ಕೊಂಡಿದ್ದು ಬಿಚ್ಕೊಳ್ತು, ಎಲ್ರಿಗೂ ಈ ಭಾಗ್ಯ ಸಿಗಲ್ಲ ಅಂದ್ರು ಗುರುಗಳು." ಇಲ್ಲಿಗೆ ಬಂದಾಗ ಕಿಟಕಿ ಅಕ್ಕನ ದನಿ ಹುಳಿಯಾಯಿತು. "ಕ್ಲಾಸು ಶುರುವಾದಾಗಿನಿಂದ ಹೋಗ್ತಿರೋಳು ನಾನು. ಒಂದು ಹನಿ ಬಂದಿಲ್ಲ. ಇವರು ನಿನ್ನೆ ಮೊನ್ನೆ ಸೇರಿದೋರು. ನನಗೇನು ಕಷ್ಟ ಕಮ್ಮಿ ಇದೆಯಾ, ನೀವೇ ಹೇಳಿ?"

ಆಕೆಯ ಕಷ್ಟ ಸೋರಿಕೆಯಪ್ಪನ ಕಿವಿಗೆ ಬೀಳಲಿಲ್ಲ. ಅವನು ಗೇಟು ಹಿಡಿದುಕೊಂಡು ನಿಂತಿದ್ದ.

ಅವನ ಹೆಂಡತಿಯೋ, ಔಷಧದ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಲ್ಲುವವಳು. ಕೆಮ್ಮುವವರು, ನರಳುವವರು, ಚೀಟಿ ಕಳೆದುಕೊಂಡವರು, ಎಲ್ಲರಿಗೂ ಒಂದೇ ಮುಖದಲ್ಲಿ "ತಿಂಡಿಗೆ ಮುಂಚೆ ಇದು, ಊಟ ಆದ್ಮೇಲೆ ಅದು" ಎಂದು ಗುಳಿಗೆ ಕತ್ತರಿಸಿ ಕೊಡುವವಳು. ಅಳು ಅವಳ ಬಾಬತ್ತೇ ಅಲ್ಲ. ಅವಳ ಅಪ್ಪ ತೀರಿಕೊಂಡಾಗ ಅಳುವವರಿಗೆಲ್ಲ ಕಾಫಿ ಕಾಯಿಸಿ ಕೊಟ್ಟವಳು ಅವಳೇ. ಸೋರಿಕೆಯಪ್ಪನ ಹೊಟ್ಟೆ ಕೊಯ್ದ ದಿನ ಆಪರೇಷನ್ ಕೋಣೆಯ ಹೊರಗೆ ಅವನ ತಾಯಿ ಅತ್ತಳು, ತಮ್ಮ ಅತ್ತ, ತಪ್ಪು ವಾರ್ಡಿಗೆ ಬಂದಿದ್ದ ಯಾರೋ ಒಬ್ಬರು ಕೂಡ ಜೊತೆಗೆ ಅತ್ತರಂತೆ. ಇವಳು ಕುರ್ಚಿಯಲ್ಲಿ ಕೂತು ಗೊರಕೆ ಹೊಡೆದಳು. ಆಗ ನೋವಾಗಿದ್ದರೂ ಸೋರಿಕೆಯಪ್ಪ ಅದನ್ನೇ ಕಿರೀಟ ಮಾಡಿಕೊಂಡಿದ್ದ. ನೆಂಟರು ಕೂಡಿದಲ್ಲೆಲ್ಲ ಎದೆ ಮುಂದೆ ಮಾಡಿ, "ನನ್ನ ಹೆಂಡ್ತಿ ಕಣ್ಣಲ್ಲಿ ಒಂದಿನ ನೀರು ಹಾಕಿಸಿಲ್ಲ ನಾನು" ಎನ್ನುತ್ತಿದ್ದ. ಆ ಕಿರೀಟ ಈಗ ಯಾರದೋ ಚಾಪೆಯ ಮೇಲೆ ಉರುಳಿತ್ತು. ಅಳುವಷ್ಟು ದುಃಖ ಅವಳಿಗಿದೆಯೆಂಬುದು ಒಂದು ಉರಿ. ಅದನ್ನು ಗಂಡನ ಮುಂದಿಡದೆ ಯೋಗದ ಗುರುವಿನ ಮುಂದೆ ಸುರಿದು ಬಂದಳೆಂಬುದು ಅದಕ್ಕಿಂತ ದೊಡ್ಡ ಉರಿ.

ಒಳಗೆ ಹೆಂಡತಿ ಕೆಲಸಕ್ಕೆ ಹೊರಡುವ ಆತುರದಲ್ಲಿ ಊಟದ ಡಬ್ಬಿ ತುಂಬುತ್ತಿದ್ದಳು.

"ಕ್ಲಾಸಲ್ಲಿ ಅಳ್ತಿದ್ದೆಯಂತೆ?"

"ಹೂಂ. ಡಬ್ಬಿ ಮುಚ್ಚಳ ಎಲ್ಲಿಟ್ರಿ?"

"ಯಾಕೆ?"

"ಮುಚ್ಚೋಕೆ."

"ಅಳು ಯಾಕೆ ಅಂತ ಕೇಳ್ದೆ ನಾನು."

"ಗೊತ್ತಿಲ್ಲ ಕಣ್ರೀ. ಅಂಗಾಲಿಗೆ ಅಂಗಾಲು ಸೇರಿಸಿ, ಮಂಡಿ ಆಚೆಗೊಂದು ಈಚೆಗೊಂದು ಬಿಟ್ಟು ಅಂಗಾತ ಮಲಗಿ ಅಂದ್ರು. ಮಲಗಿದೆ. ಬಂತು."

"ಬಂತು ಅಂದ್ರೆ? ತಾನಾಗೇ ಬರೋಕೆ ಅದೇನು ಬೆಕ್ಕಾ?"

"ಅಯ್ಯೋ, ಬಂತು ಅಷ್ಟೇ. ಚೆನ್ನಾಗಿತ್ತು. ಮೈಯೆಲ್ಲ ಹಗುರ ಆಯ್ತು."

"ಚೆನ್ನಾಗಿತ್ತಾ?"

"ಬಾಳ ಚೆನ್ನಾಗಿತ್ತು. ಹಾಂ, ಮುಚ್ಚಳ ಇಲ್ಲೇ ಇದೆ," ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮೂಲೆಯಲ್ಲಿ ಟೀವಿ ಮುಂದೆ ಕೂತಿದ್ದ ಅವನ ತಾಯಿ ಕತ್ತು ತಿರುಗಿಸದೆ ತೀರ್ಪು ಕೊಟ್ಟಳು: "ನಮ್ಮ ಕಾಲದಲ್ಲಿ ನಾವೂ ಅಳ್ತಿದ್ವಪ್ಪ. ಒಲೆ ಮುಂದೆ ಕೂತು ಅಳ್ತಿದ್ವಿ, ಯಾರೂ ಚಾಪೆ ಹಾಸಿ ಕೊಡ್ತಿರಲಿಲ್ಲ. ಭಾಗ್ಯ ಅಂತೆ, ಭಾಗ್ಯ!"

ಸಂಜೆಯ ಹೊತ್ತಿಗೆ ಸುದ್ದಿ ನೆಂಟರನ್ನು ಮುಟ್ಟಿತು. ಹೆಂಡತಿಯ ತಂಗಿ ಫೋನು ಮಾಡಿದಳು.

"ಭಾವ, ಅಕ್ಕ ಅತ್ತಿದ್ದಕ್ಕೆ ಬೀದಿಯೆಲ್ಲ ಹೊಗಳ್ತಿದೆಯಂತೆ? ನಾನಿಲ್ಲಿ ದಿನಾ ಅಳ್ತೀನಿ. ಯಾವ ಗುರುಗಳಾದ್ರೂ ಬಂದು ಪುಣ್ಯವಂತೆ ಅಂದ್ರಾ? ನಾನು ಅಳೋಕೆ ಕೂತ್ರೆ ನಿಮ್ಮ ಷಡ್ಡಕರು ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ. ಮೊದಲಿಂದಲೂ ಅಷ್ಟೇ ಬಿಡಿ, ಅಕ್ಕ ಏನು ಮಾಡಿದ್ರೂ ಅದು ದೊಡ್ಡದು."

ಹೀಗೆ ಅಸೂಯೆ ಎಂಬುದು ಬೀದಿಯ ಆ ತುದಿಯಿಂದ ಈ ತುದಿಗೆ ಹಬ್ಬಿತು. ಕ್ಲಾಸಿನಲ್ಲಿ ಹೆಂಗಸರೆಲ್ಲ ಕಣ್ಣು ಕಿವುಚಿಕೊಂಡು ಹನಿಗಾಗಿ ಹೋರಾಡತೊಡಗಿದರು. ಕಿಟಕಿ ಅಕ್ಕ ಸತ್ತುಹೋದ ನಾಯಿಯನ್ನು, ಬಿಟ್ಟುಹೋದ ಬಾಡಿಗೆದಾರರನ್ನು, ಒಡೆದುಹೋದ ಗಾಜಿನ ಜಾಡಿಯನ್ನು ಒಂದೇ ಉಸಿರಿನಲ್ಲಿ ನೆನೆದಳಂತೆ. ಬಂದದ್ದು ಆಕಳಿಕೆ ಮಾತ್ರ.

ಆದರೆ ಇವರೆಲ್ಲರ ಹೊಟ್ಟೆಕಿಚ್ಚನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಸೋರಿಕೆಯಪ್ಪನದನ್ನು ಇನ್ನೊಂದರಲ್ಲಿಟ್ಟರೆ ಅವನ ತಟ್ಟೆ ನೆಲ ಮುಟ್ಟುತ್ತಿತ್ತು. ಅವನು ಸುಮ್ಮನೆ ಕೊರಗುವ ಜಾತಿಯವನಲ್ಲ, ಇಲಾಖೆಯವನು. ಸರಳಿಗೂ ಸಿಗದ ಸೋರಿಕೆಗೆ ಇಲಾಖೆಯಲ್ಲೊಂದು ಪದ್ಧತಿಯುಂಟು. ಆ ಭಾಗದ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುವುದು. ಯಾವ ವಾಲ್ವ್ ಮುಚ್ಚಿದಾಗ ನೀರು ಪೋಲಾಗುವುದು ನಿಲ್ಲುತ್ತದೋ, ಆ ಲೈನಿನಲ್ಲೇ ಬಿರುಕು. ಪೈಪಿಗೆ ಒಪ್ಪುವ ಶಾಸ್ತ್ರ ಹೆಂಡತಿಗೆ ಯಾಕೆ ಒಪ್ಪಬಾರದು?

ಮೊದಲ ವಾಲ್ವ್, ತಾಯಿ.

"ಅಮ್ಮಾ, ಸ್ವಲ್ಪ ದಿನ ತಮ್ಮನ ಮನೇಲಿ ಇದ್ದು ಬಾ."

"ಯಾಕೋ? ನಾನೇನು ಮಾಡ್ದೆ?"

"ಏನೂ ಮಾಡಿಲ್ಲಮ್ಮ. ಸುಮ್ನೆ, ಒಂದು ಪರೀಕ್ಷೆಗೆ."

"ನನ್ನನ್ನ ಪರೀಕ್ಷೆ ಮಾಡೋಷ್ಟು ದೊಡ್ಡೋನಾದೆಯಾ ನೀನು?" ಎಂದು ಆಕೆ ಹೊರಟಳು. ಹೋಗುವಾಗ ಟೀವಿಯ ರಿಮೋಟನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು.

ಮುಂದಿನ ಕ್ಲಾಸು ಮುಗಿದ ಮೇಲೆ ಕಿಟಕಿ ತೆರೆಯಿತು. "ಇವತ್ತೂ ಅತ್ರು ಕಣ್ರೀ!"

ಎರಡನೆಯ ವಾಲ್ವ್, ಅವನ ನಾಲಿಗೆ. ಅಡುಗೆಗೆ ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ಅವನು ದಿನವೂ ತೆಗೆಯುತ್ತಿದ್ದ ತಕರಾರನ್ನು ನಿಲ್ಲಿಸಿದ. ಹಾಕಿದ್ದನ್ನು ಹಾಕಿದಂತೆ ಉಂಡು, "ಅಮೃತ" ಎಂದ. ಹೆಂಡತಿ ಓಡಿಹೋಗಿ ಥರ್ಮಾಮೀಟರ್ ತಂದು ಅವನ ಬಾಯಿಗಿಟ್ಟಳು. ಮಾರನೆಯ ಕ್ಲಾಸು: "ಇವತ್ತು ಬಿಕ್ಕಿಬಿಕ್ಕಿ ಅತ್ರು! ಗುರುಗಳು ಕೈಮುಗಿದ್ರು ಅಂತೀನಿ!"

ಮೂರನೆಯ ವಾಲ್ವ್, ಅವನ ಗೊರಕೆ. ಹಾಸಿಗೆ ಸುತ್ತಿಕೊಂಡು ಮುಂಭಾಗದ ಕೋಣೆಗೆ ಹೋಗಿ ಮಲಗಿದ. ಹೆಂಡತಿ ಯಾಕೆಂದು ಕೇಳಲಿಲ್ಲ. ಕೇಳದಿದ್ದುದಷ್ಟೇ ಅಲ್ಲ, ಬೆಳಿಗ್ಗೆ ಎದ್ದು ಮೈಮುರಿಯುತ್ತ "ಎಂಥ ನಿದ್ದೆ ಬಂತು ಗೊತ್ತಾ!" ಎಂದು ಹಾಡಿನಂತೆ ಹೇಳಿದಳು. ಆ ದಿನದ ಅಳು, ಕಿಟಕಿಯ ವರದಿಯ ಪ್ರಕಾರ, ಹಿಂದಿನದೆಲ್ಲವನ್ನೂ ಮೀರಿಸಿತ್ತು. ಉಳಿದ ವಾಲ್ವುಗಳನ್ನು ಮುಚ್ಚಿದಷ್ಟೂ ತೆರೆದ ಲೈನಿನಲ್ಲಿ ಒತ್ತಡ ಏರುತ್ತದೆಂಬುದು ಇಲಾಖೆಯ ಮೊದಲ ಪಾಠ. ಹೊಟ್ಟೆಕಿಚ್ಚಿನವನಿಗೆ ಮೊದಲ ಪಾಠವೇ ಮೊದಲು ಮರೆಯುತ್ತದೆ.

ಇನ್ನುಳಿದದ್ದು ಒಂದೇ ಲೈನು. ಆ ಗುರು.

ಗುರುವನ್ನು ಸೋರಿಕೆಯಪ್ಪ ಕಣ್ಣಾರೆ ಕಂಡಿರಲಿಲ್ಲ. ಕ್ಲಾಸು ನಡೆಯುವ ಹೊತ್ತಿನಲ್ಲಿ ಅವನು ಬೇರೆ ರಸ್ತೆಗಳ ಮೇಲೆ ಕಣ್ಣು ಮುಚ್ಚಿ ನಿಂತಿರುತ್ತಿದ್ದ. ಕಾಣದವನ ರೂಪ ಮನಸ್ಸಿನಲ್ಲಿ ದಿನದಿಂದ ದಿನಕ್ಕೆ ಬೆಳೆಯಿತು. ಎತ್ತರ ಬಂತು, ಅಗಲವಾದ ಭುಜ ಬಂತು, ಕಪ್ಪು ಗುಂಗುರು ಕೂದಲು ಬಂತು, ಜಿಂಕೆಯ ಕಣ್ಣು ಬಂತು. ಕೊನೆಗೊಂದು ಬೆಳಿಗ್ಗೆ ಇಲಾಖೆಯ ಕೆಲಸಕ್ಕೆ ಚಕ್ಕರ್ ಹೊಡೆದು, ಸರಳು ಹಿಡಿದು, ತಮ್ಮ ಬೀದಿಯ ವಾಚನಾಲಯದ ಪಕ್ಕದಲ್ಲಿ ಕ್ಲಾಸು ನಡೆಯುವ ಸಭಾಂಗಣಕ್ಕೆ ಹೋದ. ಮೆಟ್ಟಿಲ ಪಕ್ಕದ ಗೋಡೆಗೆ ಸರಳಿನ ತುದಿ ಒತ್ತಿ ಬಟ್ಟಲಿಗೆ ಕಿವಿಯಿಟ್ಟ.

ಒಳಗಿನಿಂದ ದನಿ ಬಂತು. ಎಂಥ ದನಿ! ಬಾವಿಯ ತಳದಿಂದ ಎದ್ದು ಬಂದ ಗಂಭೀರ ಘೋಷ.

"ಬಿಡಿ... ಹಿಡ್ಕೊಂಡಿರೋದನ್ನೆಲ್ಲ ಬಿಡಿ... ಬಿದ್ದುಹೋಗ್ತೀನಿ ಅಂತ ಭಯ ಬೇಡ... ನಾನಿದೀನಿ..."

ನಾನಿದೀನಿ! ಸೋರಿಕೆಯಪ್ಪ ಸರಳನ್ನು ಎರಡೂ ಕೈಯಿಂದ ಒತ್ತಿದ. ಮದುವೆಯಾದ ದಿನದಿಂದ ಇದ್ದವನು ನಾನು, ಇವನ್ಯಾರು 'ನಾನಿದೀನಿ' ಅನ್ನೋಕೆ? ಅಷ್ಟರಲ್ಲಿ ಮಿಕ್ಕವರಿಗೆ ಕೇಳದಷ್ಟು ಸಣ್ಣದೊಂದು ಬಿಕ್ಕು. ಊರಿನ ಎಲ್ಲ ಪೈಪುಗಳ ನಡುವೆ ಒಡೆದ ಪೈಪನ್ನು ಗುರುತಿಸುವ ಕಿವಿ ಅದು. ಯಾರ ಬಿಕ್ಕೆಂದು ಯಾರೂ ಹೇಳಬೇಕಿರಲಿಲ್ಲ. ಅವನು ಗೋಡೆಗೆ ಇನ್ನೂ ಅಂಟಿಕೊಂಡ.

"ಏನ್ರೀ ಸೋರಿಕೆಯಪ್ಪನೋರೇ, ಇಲ್ಲಿ?"

ಕಣ್ಣು ತೆರೆದರೆ ಕಿಟಕಿ ಅಕ್ಕ. ಇಲ್ಲೂ ಕಿಟಕಿಯಿಂದಲೇ ತಲೆ ಹಾಕಿದ್ದಳು, ಸಭಾಂಗಣದ ಕಿಟಕಿಯಿಂದ. ಆಕೆಯ ಹಿಂದೆ ಇನ್ನೂ ನಾಲ್ಕಾರು ತಲೆಗಳು. ಅವುಗಳಲ್ಲೊಂದು ಒದ್ದೆ ಕಣ್ಣಿನ ಅವನ ಹೆಂಡತಿಯದು.

ಬಾಯಿಗೆ ಬಂದದ್ದು ಬಾಯಿಂದ ಹೊರಬಿತ್ತು. "ಸೋರಿಕೆ."

"ಸೋರಿಕೆನಾ? ಇಲ್ಲೇನಾ?"

"ಹೂಂ. ಇಲ್ಲೇ. ಕೆಳಗಡೆ. ಆಳದಲ್ಲಿ." ನಿಂತ ಜಾಗದಲ್ಲೇ ಬಗ್ಗಿ ನೀಲಿ ಸೀಮೆಸುಣ್ಣದಿಂದ ಕತ್ತರಿ ಗುರುತು ಹಾಕಿದ. ಹೆಂಡತಿಯ ಮುಖ ನೋಡದೆ ಸರಸರ ನಡೆದುಬಿಟ್ಟ.

ಬೇರೆ ಯಾರಾದರೂ ಹೇಳಿದ್ದರೆ ಆ ಮಾತು ಅಲ್ಲೇ ಆರಿಹೋಗುತ್ತಿತ್ತು. ಸೋರಿಕೆಯಪ್ಪನ ಬಾಯಲ್ಲಿ ಆ ಶಬ್ದವೆಂದರೆ ದೇವರ ಅಪ್ಪಣೆ ಇದ್ದ ಹಾಗೆ. ಕಿಟಕಿ ಅಕ್ಕ ವಾಚನಾಲಯದವರಿಗೆ ಹೇಳಿದಳು. ವಾಚನಾಲಯದವರು ಇಲಾಖೆಗೆ ಫೋನು ಮಾಡಿದರು. ಎಂಜಿನಿಯರ್ ಸಾಹೇಬರು ಅವನನ್ನು ಕರೆಸಿ ಬೆನ್ನು ತಟ್ಟಿದರು.

"ಭೇಷ್ ಕಣ್ರೀ! ಡ್ಯೂಟಿ ಇಲ್ಲದ ಕಡೆಯೂ ಕಿವಿಯಿಟ್ಟು ನಡೀತೀರಿ. ನಾಳೆಯೇ ಅಗೆಸ್ತೀನಿ."

"ಸಾರ್, ಅದು ಅಷ್ಟು ಅರ್ಜೆಂಟಲ್ಲ..."

"ವಿನಯ ಬೇಡ! ನೀವು ಗುರುತು ಹಾಕಿದ್ಮೇಲೆ ಮಾತೇ ಇಲ್ಲ."

ಮಾರನೆಯ ದಿನ ಮೇಸ್ತ್ರಿ ಆಳುಗಳೊಂದಿಗೆ ಬಂದ. ಇಡೀ ಬೀದಿಗೆ ನೀರು ನಿಲ್ಲಿಸಿದರು. ಗುದ್ದಲಿ ಬಿತ್ತು. ಮಣ್ಣು ಬಂತು, ಒಣ ಮಣ್ಣು. ಸೋರಿಕೆಯಪ್ಪ ಮೆತ್ತಗೆ, "ಸಾಕೇನೋ ಮೇಸ್ತ್ರಿ, ಮುಚ್ಚಿಬಿಡಿ," ಎಂದ. ಮೇಸ್ತ್ರಿ ನಕ್ಕ.

"ಏನಣ್ಣ, ನಮ್ಮನ್ನ ಪರೀಕ್ಷೆ ಮಾಡ್ತೀಯಾ? ನಿನ್ನ ಗುರುತು ಸುಳ್ಳಾಗುತ್ತಾ? ಆಳದಲ್ಲಿ ಅಂದಿದ್ದೆಯಂತಲ್ಲ. ಏ, ಇಳೀರೋ ಕೆಳಗೆ!"

ನಂಬಿಕೆಯಷ್ಟು ಕ್ರೂರವಾದದ್ದು ಬೇರೊಂದಿಲ್ಲ. ಅಗೆದಷ್ಟೂ ಮಣ್ಣು ಒಣಗಿತ್ತು. ಮಣ್ಣು ಒಣಗಿದ್ದಷ್ಟೂ ಅವರ ಭಕ್ತಿ ಏರುತ್ತಿತ್ತು. ಇಷ್ಟು ಆಳದ ಸೋರಿಕೆಯನ್ನು ಮೇಲೆ ನಿಂತು ಕೇಳಿದನಲ್ಲ, ಅದೆಂಥ ಕಿವಿ ಎಂದು ಆಳುಗಳು ಗುಂಡಿಯೊಳಗಿಂದ ಕತ್ತೆತ್ತಿ ಅವನನ್ನು ನೋಡುತ್ತಿದ್ದರು. ಗುಂಡಿ ಸಭಾಂಗಣದ ಮೆಟ್ಟಿಲನ್ನೂ ನುಂಗಿತು. ಬೀದಿಯವರು ಖಾಲಿ ಕೊಡಗಳನ್ನು ಬಡಿಯುತ್ತ ಇಲಾಖೆಯನ್ನು ಬೈದರು. ಸೋರಿಕೆಯಪ್ಪನನ್ನು ಮಾತ್ರ, "ಪಾಪ, ಇವರಿಲ್ದಿದ್ರೆ ಗೊತ್ತೇ ಆಗ್ತಿರಲಿಲ್ಲ," ಎಂದು ಹೊಗಳಿದರು.

ಒಂದು ಸಮಾಧಾನವಿತ್ತು. ಮೆಟ್ಟಿಲಿಲ್ಲದ ಮೇಲೆ ಕ್ಲಾಸಿಲ್ಲ. ಕ್ಲಾಸಿಲ್ಲದ ಮೇಲೆ ಗುರುವಿಲ್ಲ. ಅಂತೂ ಕೊನೆಯ ವಾಲ್ವನ್ನೂ ಮುಚ್ಚಿದೆನೆಂದು ಅವನು ಆ ಸಂಜೆ ಹಾಯಾಗಿ ಕಾಲು ಚಾಚಿ ಕೂತ.

"ರೀ," ಎಂದಳು ಹೆಂಡತಿ. "ನಾಳೆಯಿಂದ ಕ್ಲಾಸು ನಮ್ಮ ಮನೆಯಲ್ಲಿ."

"ಎಲ್ಲಿ?"

"ಇಲ್ಲೇ, ಮುಂದಿನ ಕೋಣೇಲಿ. ನಾನೇ ಕರೆದೆ. ಅಮ್ಮನೂ ಇಲ್ಲ, ಜಾಗ ಇದೆ. ನೀವು ಹಾಸಿಗೆ ಬೇಗ ಸುತ್ತಿಡಿ. ನನಗಿರೋದು ಅದೊಂದು ಗಂಟೆ ಕಣ್ರೀ, ಅದನ್ನೂ ಕಳ್ಕೊಳ್ಳೋಕೆ ಆಗಲ್ಲ ನನಗೆ."

ಅವಳ ದನಿ ಎಂದಿನ ಔಷಧದಂಗಡಿಯ ದನಿಯಾಗಿರಲಿಲ್ಲ. ಸೋರಿಕೆಯಪ್ಪ ಚಾಚಿದ್ದ ಕಾಲು ಮಡಿಸಿಕೊಂಡ.

ಬೆಳಗಾಯಿತು. ಚಾಪೆಗಳು ಬಂದವು. ಕುರ್ಚಿಗಳು ಅಡುಗೆಮನೆಗೆ ಹೋದವು. ಕಿಟಕಿ ಅಕ್ಕ ಬಂದವಳೇ ಈ ಮನೆಯ ಕಿಟಕಿಯಿಂದ ತನ್ನ ಮನೆ ಹೇಗೆ ಕಾಣುತ್ತದೆಂದು ನೋಡಿ ತಲೆದೂಗಿದಳು. ಸೋರಿಕೆಯಪ್ಪ ರಜೆ ಹಾಕಿ, ಬಾಗಿಲಲ್ಲಿ ಸರಳನ್ನು ಈಟಿಯಂತೆ ಹಿಡಿದು, ಗುಂಗುರು ಕೂದಲಿನವನಿಗಾಗಿ ಕಾದ.

ಸೈಕಲ್ ಮೇಲಿಂದ ಒಬ್ಬ ಮುದುಕ ಇಳಿದ. ಸಣ್ಣ ಆಳು, ಬೋಳು ತಲೆ, ಕಿವಿಯಲ್ಲಿ ಕೂದಲು, ಬಾಯಲ್ಲಿ ಅರ್ಧ ಹಲ್ಲು. ಕೀರಲು ದನಿಯಲ್ಲಿ, "ಸ್ವಲ್ಪ ದಾರಿ ಬಿಡಿ ಸ್ವಾಮಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜರುಗಿ," ಎನ್ನುತ್ತ ನುಸುಳಿ ಒಳಹೊಕ್ಕ.

ಇವನೇ ಗುರು. ಆಯುಷ್ಯವೆಲ್ಲ ಬಸ್ ಕಂಡಕ್ಟರಾಗಿದ್ದು, ನಿವೃತ್ತಿಯಾದ ಮೇಲೆ ಸೊಂಟನೋವಿಗೆಂದು ಯೋಗ ಕಲಿತು, ಸೊಂಟ ಸರಿಹೋದದ್ದೇ ಊರಿಗೆಲ್ಲ ಕಲಿಸಲು ಹೊರಟವನು. ಉಕ್ಕಿನ ಸರಳಿನ ಮೂಲಕ ಕೇಳಿದರೆ ಸೊಳ್ಳೆಯ ದನಿಯೂ ಗಂಭೀರ ಘೋಷವೇ ಎಂಬುದು ಸೋರಿಕೆಯಪ್ಪನಿಗೆ ಆಗ ನೆನಪಾಯಿತು. ಕಾಣದ ಸುಂದರಾಂಗ ಕರಗಿ ಮುದುಕ ಉಳಿದರೆ ಅಸೂಯೆಯೂ ಕರಗಬೇಕಿತ್ತು ತಾನೇ? ಕರಗಲಿಲ್ಲ. ಗುಂಗುರು ಕೂದಲಿನವನ ಮುಂದೆ ಅತ್ತಿದ್ದರೆ ಒಂದು ಲೆಕ್ಕ. ಈ ಹಲ್ಲಿಲ್ಲದವನ ಮುಂದೆ ಬರುವ ಕಣ್ಣೀರು ನನ್ನ ಮುಂದೆ ಬರಲಿಲ್ಲವಲ್ಲ!

"ಎಲ್ಲ ಹತ್ತಿದ್ರಾ? ರೈಟ್!" ಎಂದ ಗುರು. ಎಲ್ಲರೂ ಕೈ ಎತ್ತಿದರು. "ಹೋಲ್ಡಾನ್!" ಎತ್ತಿದ ಕೈ ಅಲ್ಲೇ ನಿಂತಿತು. "ಉಸಿರು ಬಿಡಿ, ಇಳಿಯೋರು ಇಳೀರಿ... ನಿಧಾನ... ರೈಟ್!" ಕೈಗಳು ಇಳಿದವು. ಗುರುವಿನ ಕಣ್ಣು ಸೋರಿಕೆಯಪ್ಪನ ಮೇಲೆ ಬಿತ್ತು. "ನೀವ್ಯಾಕೆ ನಿಂತಿದೀರಿ? ಇಲ್ಲಿ ಜಾಗ ಖಾಲಿ ಇದೆಯಲ್ಲ."

"ನಾನು... ನಾನು ಈ ಮನೆಯೋನು."

"ಯಾರಾದ್ರೇನು, ನಿಂತೇ ಹೋಗ್ಬೇಕಾ? ಬನ್ನಿ, ಸೀಟಿದೆ."

ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ನಿಲ್ಲುವಂತಿಲ್ಲ, ಹೋಗುವಂತಿಲ್ಲ, ಸರಳನ್ನು ಗೋಡೆಗೊರಗಿಸಿ, ಹೆಂಡತಿಯ ಪಕ್ಕದ ಚಾಪೆಯ ಮೇಲೆ ಬಿದ್ದುಕೊಂಡ. ಅಂಗಾಲಿಗೆ ಅಂಗಾಲು ಸೇರಿಸಿದ. ಮಂಡಿಗಳು ಕತ್ತರಿಯಂತೆ ಮೇಲೆಯೇ ನಿಂತವು. ಗುರು ಬಂದು ಅವುಗಳ ಕೆಳಗೆ ದಿಂಬುಗಳನ್ನು ತುರುಕಿ, ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದ.

"ಬಿಡಿ, ಸ್ವಾಮಿ. ಏನನ್ನ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀರಿ? ಕಂಬಿ ಬಿಡಿ. ಬ್ರೇಕ್ ಹಾಕಿದ್ರೂ ಬೀಳಲ್ಲ. ನಾನಿದೀನಿ."

ಸೋರಿಕೆಯಪ್ಪ ಹಲ್ಲು ಕಚ್ಚಿದ. ಸೀಲಿಂಗ್ ಫ್ಯಾನು ನೋಡಿದ. ಒಂದು ಮಂಡಿ ನಡುಗಿತು. ಇನ್ನೊಂದು ನಡುಗಿತು. ಎರಡೂ ದೊಪ್ಪನೆ ದಿಂಬಿನ ಮೇಲೆ ಬಿದ್ದವು. ತೊಡೆಯ ಬುಡದಲ್ಲಿ ಏನೋ ಸಡಿಲವಾಗಿ, ಹೊಟ್ಟೆಯಲ್ಲಿ ಹೊರಳಿ, ಎದೆಗೇರಿ, ಗಂಟಲಲ್ಲಿ ನಿಂತು, ಗುಂಯ್ ಎಂದು, ಮುಖ್ಯ ಪೈಪು ಸಿಡಿದಂತೆ ಹೊರಬಂತು.

"ಅಯ್ಯೋ...!"

ಹಲ್ಲಿ ಗೋಡೆ ಬಿಟ್ಟು ಓಡಿತು. ಇಂಥ ಅಳುವನ್ನು ಆ ಕ್ಲಾಸು ಕಂಡಿರಲಿಲ್ಲ. ಹೆಂಡತಿಯದು ಸದ್ದಿಲ್ಲದ ಅಳು, ಇವನದು ಭೋರ್ಗರೆತ.

"ಮೊದಲನೇ ದಿನಕ್ಕೇ!" ಎಂದು ಕಿಟಕಿ ಅಕ್ಕ ಚಾಪೆಗೆ ಗುದ್ದಿದಳು. "ಮೊದಲನೇ ದಿನಕ್ಕೇ ಬಂತು ನೋಡಿ ಇವರಿಗೆ! ಇದೇನು ಈ ಮನೆಯೋರ ಸ್ವಂತ ಆಸ್ತಿನಾ?"

"ಅಲುಗಾಡಬೇಡಿ, ಎಲ್ಲ ಕಣ್ಣು ಮುಚ್ಚಿ ಮಲಗಿ! ಹೋಲ್ಡಾನ್!" ಎಂದ ಗುರು. ಎಲ್ಲರೂ ಅಂಗಾತ ಬಿದ್ದುಕೊಂಡರು.

ಅದೇ ಹೊತ್ತಿಗೆ ಎಂಜಿನಿಯರ್ ಸಾಹೇಬರು, ಇನ್ನೆಷ್ಟು ಆಳ ಎಂದು ಕೇಳಲು, ಮೊಣಕಾಲಿನ ತನಕ ಮಣ್ಣಾಗಿ, ಮೇಸ್ತ್ರಿಯನ್ನು ಹಿಂದಿಟ್ಟುಕೊಂಡು ಬಾಗಿಲು ತಳ್ಳಿ ಒಳಬಂದರು. ನೆಲದ ತುಂಬ ಕೈಕಾಲು ಚೆಲ್ಲಿ ಬಿದ್ದ ಜನ, ನಡುವೆ ಒಬ್ಬನ ಗೋಳಾಟ.

"ಗ್ಯಾಸ್ ಸೋರ್ತಿದೆಯೇನ್ರೀ?" ಎಂದು ಕಿರುಚಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. "ಮೇಸ್ತ್ರಿ, ಕಿಟಕಿ ತೆಗಿ! ಸೋರಿಕೆಯಪ್ಪ, ಎಲ್ಲಿ ಸೋರ್ತಿದೆ ಬೇಗ ಹೇಳಿ!"

"ಎಲ್ಲೂ ಇಲ್ಲ ಸಾರ್!" ಅಳುವಿನ ನಡುವೆಯೇ ಮಲಗಿದವನು ಕೂಗಿದ. ಮಂಡಿಗಳು ಇನ್ನೂ ಅಗಲವಾಗಿಯೇ ಇದ್ದವು. ಬಾಯಿಯೂ ಹಾಗೆಯೇ ತೆರೆದುಹೋಗಿತ್ತು. "ಎಲ್ಲೂ ಸೋರಿಕೆ ಇಲ್ಲ! ಅಲ್ಲೂ ಇರಲಿಲ್ಲ! ಹೆಂಡ್ತಿ ಯಾಕೆ ಅಳ್ತಾಳೆ ಅಂತ ಗೋಡೆಗೆ ಕಿವಿ ಇಟ್ಟಿದ್ದೆ ಸಾರ್! ಈ ಅಕ್ಕ ತಲೆ ಹಾಕಿದ್ರು, ಹೆದರಿ ಸುಳ್ಳು ಹೇಳ್ದೆ! ನನ್ನ ಮುಂದೆ ಒಂದಿನ ಅಳಲಿಲ್ಲ ಸಾರ್ ಅವಳು! ನಾನು ಸತ್ತೇಹೋಗ್ತೀನೇನೋ ಅಂತಿದ್ದಾಗಲೂ ಗೊರಕೆ ಹೊಡೆದ್ಲು! ಈ ಗುರುಗಳ ಮುಂದೆ ಮಾತ್ರ ವಾರಕ್ಕೆ ಮೂರು ಸಲ!"

ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ. ಉಸಿರು ಬಿಡಿ ಎಂದು ಹೇಳುವುದನ್ನು ಗುರುವೂ ಮರೆತಿದ್ದ.

ಮೊದಲು ಚೇತರಿಸಿಕೊಂಡವರು ಎಂಜಿನಿಯರ್ ಸಾಹೇಬರು. ಕರವಸ್ತ್ರ ಮೂಗಿನಿಂದ ಹಣೆಗೆ ಹೋಯಿತು. "ಮೆಟ್ಟಿಲು ಒಡೆಸಿದ್ನಲ್ರೀ... ಮಣ್ಣು ಮುಗಿದು ಬಂಡೆ ಬಂತಲ್ರೀ... ಬಂಡೆ ಒಡೆಯೋಕೆ ಯಂತ್ರ ಬರ್ತಿದೆಯಲ್ರೀ!" ದನಿ ಏರುತ್ತ ಹೋಗಿ ಕೊನೆಯಲ್ಲಿ ಒಡೆಯಿತು. "ನಿಮ್ಮ ಗುರುತಿನ ಮೇಲೆ ಆಣೆ ಇಡ್ತಿದ್ದೆ ಕಣ್ರೀ ನಾನು!"

"ಸಾಹೇಬ್ರೇ, ನೀವೂ ಸ್ವಲ್ಪ ಮಲಗಿ," ಎಂದ ಗುರು. "ಆ ಕಡೆ ಒಂದು ಸೀಟಿದೆ."

"ನಾಳೆ ಆ ಗುಂಡಿಯನ್ನ ನೀವೇ ಮುಚ್ಚಬೇಕು! ಗುದ್ದಲಿ ಹಿಡಿದು! ಸರಳು ನನ್ನ ಟೇಬಲ್ ಮೇಲೆ!" ಎಂದು ಸಾಹೇಬರು ದುಡುದುಡು ಇಳಿದುಹೋದರು. ಮೇಸ್ತ್ರಿ ಮಾತ್ರ ಹೊಸ್ತಿಲಲ್ಲಿ ನಿಂತು, "ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವೇನಣ್ಣ?" ಎಂದು ನೊಂದು ನುಡಿದು ಹೋದ. ಬೀದಿಯವರೆಲ್ಲ ಚಾಪೆ ಸುತ್ತಿಕೊಂಡರು. ಈ ಸುದ್ದಿಯನ್ನು ತಾನೇ ಮೊದಲು ಹೇಳಬೇಕೆಂದು ಒಬ್ಬರನ್ನೊಬ್ಬರು ತಳ್ಳಿಕೊಂಡು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. "ಇಳಿಯೋರಿಗೆ ದಾರಿ ಬಿಡಿ, ಹತ್ತೋರು ಯಾರೂ ಇಲ್ಲ," ಎಂದು ಗುರು ಅವರನ್ನು ಒಬ್ಬೊಬ್ಬರಾಗಿ ಇಳಿಸಿ, ತಾನೂ ಸೈಕಲ್ ಹತ್ತಿದ.

ಉಳಿದವರು ಇಬ್ಬರೇ. ಸೋರಿಕೆಯಪ್ಪ ಎದ್ದು ಕೂತಿದ್ದ, ಮೂಗು ಕೆಂಪಗೆ. ಹೆಂಡತಿ ಅವನ ಎದುರಿಗೆ ಚಾಪೆಯ ಮೇಲೆ ಕಾಲು ಮಡಿಸಿ ಕೂತಳು.

"ಇದನ್ನ ನನ್ನನ್ನೇ ಕೇಳಬಹುದಿತ್ತಲ್ಲ."

"ಕೇಳಿದ್ನಲ್ಲ. ಗೊತ್ತಿಲ್ಲ ಅಂದೆ. ಮುಚ್ಚಳ ಕೇಳ್ದೆ."

"ನಿಜವಾಗ್ಲೂ ಗೊತ್ತಿರಲಿಲ್ಲ ಕಣ್ರೀ. ಬೆಳಿಗ್ಗೆಯಿಂದ ಸಂಜೆ ತನಕ ನಿಂತಿರೋ ಕಾಲು. ಮಲಗಿಸಿದ್ರು, ಅತ್ತಿತು. ನಾನಲ್ಲ, ಕಾಲು ಅತ್ತಿತು ಅಂದ್ಕೊಳ್ಳಿ."

"ಮತ್ತೆ ನನ್ನ ಮುಂದೆ ಯಾಕೆ ಅಳಲ್ಲ ಆ ಕಾಲು?"

"ನಿಮ್ಮ ಮುಂದೆ ನಾನು ಯಾವತ್ತು ಸುಮ್ನೆ ಬಿದ್ಕೊಂಡಿದೀನಿ ಹೇಳಿ?"

ಸೋರಿಕೆಯಪ್ಪ ಯೋಚಿಸಿದ. ಒಂದು ದಿನವೂ ನೆನಪಿಗೆ ಬರಲಿಲ್ಲ. ಅವನು ತಲೆ ತಗ್ಗಿಸಿ, "ಬೆಳಿಗ್ಗೆ ಡಬ್ಬಿ ನಾನು ತುಂಬ್ತೀನಿ ಇನ್ಮೇಲೆ," ಎಂದ. "ಕ್ಲಾಸು ಇಲ್ಲೇ ಇರಲಿ. ಆ ಮುದುಕ ದಿನಾ ಬರಲಿ ಬೇಕಾದ್ರೆ."

"ದಿನಾ ಬೇಡ," ಎಂದಳು ಅವಳು. ಅಷ್ಟರಲ್ಲಿ ಅವಳ ಮೂಗಿನ ಹೊಳ್ಳೆ ಅದುರಿತು. "ಅಲ್ಲಾರೀ... ಆ ಸಾಹೇಬ್ರು... ಬಂಡೆ ಬಂತಲ್ರೀ ಅಂದಾಗ ಅವರ ಮುಖ..." ಮುಂದಿನ ಮಾತು ಆಗಲಿಲ್ಲ. ನಗು ಮೊದಲು ಹೆಗಲಿಗೆ ಬಂತು, ಆಮೇಲೆ ಹೊಟ್ಟೆಗೆ ಬಂತು. "ಗ್ಯಾಸಾ ಅಂದ್ರು... ಗುರುಗಳು ಸೀಟಿದೆ ಅಂದ್ರು..." ಚಾಪೆಯ ಮೇಲೆ ಒರಗಿದಳು, ಉರುಳಿದಳು, ಹೊಟ್ಟೆ ಹಿಡಿದುಕೊಂಡಳು. ಎರಡೂ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಕಿವಿಯ ಕಡೆಗೆ ಇಳಿಯಿತು.

ಸೋರಿಕೆಯಪ್ಪ ಮಂಡಿಯೂರಿ ಹತ್ತಿರ ಸರಿದು ನೋಡಿದ. "ಇವಳೇ! ಬಂತು!"

"ಇದು... ನಗು ಕಣ್ರೀ!"

"ಏನಾದ್ರೂ ಆಗಿರಲಿ. ಒರೆಸ್ಕೋಬೇಡ. ಸ್ವಲ್ಪ ಹೊತ್ತು ಹಾಗೇ ಇರಲಿ."

ಅವಳು ಒರೆಸಿಕೊಳ್ಳಲಿಲ್ಲ. ಬಿಕ್ಕುತ್ತ ನಗುತ್ತ ಎದ್ದು, ಮುಖ ತೊಳೆಯಲೆಂದು ನಲ್ಲಿ ತಿರುಗಿಸಿದಳು. ನಲ್ಲಿ ಬರೀ ಗಾಳಿ ಕೆಮ್ಮಿತು. ತಿರುಗಿ ಗಂಡನನ್ನು ನೋಡಿದಳು. ಆ ನೋಟಕ್ಕೆ ಮಾತು ಬೇಕಿರಲಿಲ್ಲ. ಅವನು ಕೊಡ ಎತ್ತಿಕೊಂಡು ಬೀದಿಗಿಳಿದ.

ಬೀದಿಯ ಮೂಲೆಯಲ್ಲಿ ನೀರಿನ ಟ್ಯಾಂಕರು ನಿಂತಿತ್ತು. ಅದರ ಮುಂದೆ ಸಾಲು, ಸಾಲಿನ ತುಂಬ ಅವನದೇ ಕಥೆ. ಅವನು ಬಂದೊಡನೆ ಎಲ್ಲರೂ ಸುಮ್ಮನಾದರು. ಅವನ ಮುಖದಲ್ಲಿ ಮಾತ್ರ ಬೆಳಕು.

"ಇಷ್ಟೆಲ್ಲ ಮಾಡಿ ಹಲ್ಲು ಬಿಡ್ತಿದೀರಲ್ರೀ!" ಎಂದಳು ಕಿಟಕಿ ಅಕ್ಕ.

ಸೋರಿಕೆಯಪ್ಪನಿಗೆ ತಡೆಯಲಾಗಲಿಲ್ಲ. ಕೊಡವನ್ನು ಎದೆಗೊತ್ತಿಕೊಂಡು, ಇಡೀ ಸಾಲಿಗೆ ಕೇಳುವಂತೆ ಹೇಳಿದ: "ಈಗ ತಾನೇ ನನ್ನ ಹೆಂಡ್ತಿ ಕಣ್ಣೀರು ಹಾಕಿದ್ಲು! ನನ್ನ ಮುಂದೆ! ಧಾರಾಕಾರ!"

ಸಾಲಿಗೆ ಸಾಲೇ ಅವನ ಮೇಲೆ ತಿರುಗಿಬಿತ್ತು.

"ಅಯ್ಯೋ ಪಾಪಿ! ಈಗ ಅವರನ್ನ ಅಳಿಸಿ ಬೇರೆ ಬಂದ್ರಾ?"

"ಬಂಗಾರದಂಥ ಹೆಂಗಸು! ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?"

"ಇವರಿಗೆ ನೀರು ಕೊಡಬೇಡ್ರಪ್ಪ ಯಾರೂ! ಕೊನೆಗೆ ಹೋಗ್ರೀ, ಕೊನೆಗೆ!"

ಹತ್ತು ಕೈಗಳು ಅವನನ್ನು ಸಾಲಿನ ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬೀದಿಯ ತಿರುವಿನವರೆಗೂ ತಳ್ಳಿದವು. ಖಾಲಿ ಕೊಡ ಹೊತ್ತು ಅವನೂ ಹೋದ, ಮೆರವಣಿಗೆ ಹೊರಟ ಮದುಮಗನ ಹಾಗೆ, ಎಡಕ್ಕೂ ಬಲಕ್ಕೂ ನಗುತ್ತ.